ರೂಮ್ ನಂಬರ್ 9ರ ಬೆಂಚು: ನಮ್ಮ ಕ್ಯಾಂಪಸ್‌ನ ಆಪ್ತ ಸಮಾಲೋಚನೆ ಕೇಂದ್ರದಲ್ಲಿ ಒಂದೂವರೆ ವರ್ಷ

ಮೊದಲು ಬೆಂಚಿನ ವಿಷಯ ಹೇಳುತ್ತೇನೆ. ಕಬ್ಬಿಣದ ಕಾಲು, ಮರದ ಹಲಗೆ, ಮೂರು ಜನ ಕೂರಬಹುದಾದ ಹಳೇ ಬೆಂಚು. ಆಡಳಿತ ಬ್ಲಾಕಿನ ನೆಲಮಹಡಿಯಲ್ಲಿ, ರೂಮ್ ನಂಬರ್ 9ರ ಹೊರಗೆ ಇತ್ತು. ಎದುರಿಗೆ ಪರೀಕ್ಷಾ ವಿಭಾಗದ ಕೌಂಟರ್, ಪಕ್ಕದಲ್ಲಿ ಸ್ಕಾಲರ್‌ಶಿಪ್ ಕಿಟಕಿ. ಬೆಳಗ್ಗೆ ಹತ್ತೂವರೆಯಿಂದ ಸಂಜೆ ನಾಲ್ಕರವರೆಗೆ ಅಲ್ಲಿ ಕ್ಯೂ ತಪ್ಪಿದ್ದಲ್ಲ. ಮಾರ್ಕ್ಸ್ ಕಾರ್ಡ್ ತಿದ್ದಿಸಲು ಬಂದವರು, ರೀವ್ಯಾಲ್ಯುಯೇಶನ್ ಫೀ ಕಟ್ಟಲು ಬಂದವರು, ಎಲ್ಲರೂ ಆ ಬೆಂಚಿನ ಕಡೆಗೇ ಮುಖ ಮಾಡಿ ನಿಲ್ಲುತ್ತಿದ್ದರು. ಬೆಂಚಿನ ಮೇಲ್ಗಡೆ ಗೋಡೆಗೆ ಹಸಿರು ಬೋರ್ಡು: ‘ಮಾನಸಿಕ ಆರೋಗ್ಯ ಹಾಗೂ ಆಪ್ತ ಸಮಾಲೋಚನೆ ಕೇಂದ್ರ’. ಅಲ್ಲಿ ಕೂತವರು ಯಾಕೆ ಕೂತಿದ್ದಾರೆ ಅಂತ ಇಡೀ ಕ್ಯೂಗೆ ಗೊತ್ತಾಗುತ್ತಿತ್ತು.

ನಾನು ತುಮಕೂರಿನ ಒಂದು ಕ್ಯಾಂಪಸ್‌ನಲ್ಲಿ ಅರ್ಥಶಾಸ್ತ್ರ ಪಾಠ ಮಾಡುವ ಅತಿಥಿ ಉಪನ್ಯಾಸಕ. ವಯಸ್ಸು 36. ಊರು ಮಧುಗಿರಿ ಕಡೆ. ಈ ಕೇಂದ್ರ ವಿದ್ಯಾರ್ಥಿಗಳಿಗೂ ಸಿಬ್ಬಂದಿಗೂ ಇದೆ. ಒಂದೂವರೆ ವರ್ಷದಿಂದ ಅಲ್ಲಿಗೆ ಹೋಗುತ್ತಿದ್ದೇನೆ, ಅದರ ಒಳ್ಳೆಯದು ಕೆಟ್ಟದ್ದು ಎರಡನ್ನೂ ಬರೆಯಬೇಕು ಅನ್ನಿಸಿತು. ಕ್ಯಾಂಪಸ್ ಹೆಸರು ಬೇಕಂತಲೇ ಬರೆದಿಲ್ಲ. ಮುಂದೆ ಒಬ್ಬ ಹುಡುಗಿಯ ವಿಷಯ ಬರುತ್ತದೆ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿ, ಅವಳಿಗೆ ಓದಲು ಕೊಟ್ಟು, ಅವಳು ಒಪ್ಪಿದ ಮೇಲೆಯೇ ಇದನ್ನು ಹಾಕುತ್ತಿದ್ದೇನೆ.

2024ರ ಆಗಸ್ಟ್. ಒಂದು ಭಾನುವಾರ ರಾತ್ರಿ ಟೆಸ್ಟ್ ಪೇಪರ್ ತಿದ್ದುತ್ತಾ ಕೂತಿದ್ದೆ. ಇದ್ದಕ್ಕಿದ್ದ ಹಾಗೆ ಎದೆ ಹಿಡಿದುಕೊಂಡಿತು. ಕೈ ತಣ್ಣಗಾಯಿತು, ಬೆರಳು ಜುಮ್ಮೆಂದಿತು, ಉಸಿರು ಎಷ್ಟು ಎಳೆದರೂ ಸಾಲದು. ಸತ್ತೇ ಹೋಗುತ್ತೇನೆ ಅನ್ನಿಸಿತು. ಪಕ್ಕದ ಮನೆಯವರು ಬೈಕಿನಲ್ಲಿ ಕೂರಿಸಿಕೊಂಡು ಒಂದು ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಇಸಿಜಿ ಮಾಡಿದರು. ನಾರ್ಮಲ್. ‘ಗ್ಯಾಸ್ಟ್ರಿಕ್’ ಅಂತ ಮಾತ್ರೆ ಬರೆದುಕೊಟ್ಟರು. ಮೂರು ವಾರದಲ್ಲಿ ಹೀಗೆ ಮೂರು ಸಲ ಆಯಿತು. ರಕ್ತ ಪರೀಕ್ಷೆ, ಎಕೋ, ಎಲ್ಲಾ ಸೇರಿ 11 ಸಾವಿರ ಚಿಲ್ಲರೆ ಖರ್ಚು. ನಮ್ಮ ಕೆಲಸ ವರ್ಷ ವರ್ಷಕ್ಕೆ ಹೊಸದಾಗಿ ಸಿಗಬೇಕು. ಅಂಥವರಿಗೆ ಅದು ಸಣ್ಣ ಮೊತ್ತ ಅಲ್ಲ.

ಮೂರನೇ ಸಲ ರಾತ್ರಿ ಡ್ಯೂಟಿಯಲ್ಲಿದ್ದ ಸಣ್ಣ ವಯಸ್ಸಿನ ಡಾಕ್ಟರ್ ಒಬ್ಬರು ಪಕ್ಕದಲ್ಲಿ ಬಂದು ಕೂತರು. “ಸರ್, ನಿಮ್ಮ ಹಾರ್ಟ್ ಚೆನ್ನಾಗಿದೆ. ಒಂದು ಸಲ ಮನೋವೈದ್ಯರನ್ನ ಕಾಣಿ” ಅಂದರು. ನನಗೆ ಸಿಟ್ಟು ಬಂತು. ಹೃದಯಕ್ಕೆ ಸ್ಟೆಂಟ್ ಹಾಕಬೇಕು ಅಂದಿದ್ದರೂ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ಎಂಎ ಓದಿದವನು ನಾನು, ಪಾಠ ಮಾಡುವವನು. ಆದರೂ ಆ ಮಾತು ಬೈದ ಹಾಗೆ ಕೇಳಿಸಿತು. ಮನೆಗೆ ಬಂದು ಹೆಂಡತಿಗೆ “ಗ್ಯಾಸ್ಟ್ರಿಕ್ಕೇ ಅಂತೆ” ಅಂದೆ. ಊರಿಂದ ಅಮ್ಮ ಬಂದರು. “ಯಾರ ಕಣ್ಣು ಬಿತ್ತೋ ಕಣಪ್ಪಾ” ಅಂತ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಅಮ್ಮನ ಮೇಲೆ ನನಗೆ ಬೇಜಾರಿಲ್ಲ. ಅವರಿಗೆ ಗೊತ್ತಿದ್ದ ಔಷಧಿ ಅದು, ಪ್ರೀತಿಯಿಂದ ಮಾಡಿದರು. ಡಾಕ್ಟರ್ ಹೇಳಿದ್ದನ್ನು ಮನೆಯಲ್ಲಿ ಮುಚ್ಚಿಟ್ಟವನು ನಾನು.

ನಾಲ್ಕನೇ ಸಲ ಬಂದಾಗ ಆಸ್ಪತ್ರೆಗೆ ಹೋಗಲು ನಾಚಿಕೆ ಆಯಿತು. ರಾತ್ರಿ ಎರಡು ಗಂಟೆ ಇರಬೇಕು. ಟೆರೇಸಿಗೆ ಹೋಗಿ ನೀರಿನ ಟ್ಯಾಂಕಿಗೆ ಬೆನ್ನು ಕೊಟ್ಟು ಕೂತೆ. ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ದಿನಾ ನೋಡುತ್ತಿದ್ದ ನಂಬರ್ ನೆನಪಾಯಿತು, 14416. ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಫೋನ್ ಮಾಡಿ ಕನ್ನಡ ಆರಿಸಿಕೊಂಡೆ. ಆ ಕಡೆ ಒಬ್ಬ ಹೆಣ್ಣುಮಗಳು. ಹೆಸರು, ಊರು ಕೇಳುತ್ತಾರೆ ಅಂದುಕೊಂಡಿದ್ದೆ. ಮೊದಲು ಕೇಳಿದ್ದು “ಸರ್, ಈಗ ಎಲ್ಲಿ ಕೂತಿದ್ದೀರಾ? ಒಬ್ಬರೇ ಇದ್ದೀರಾ?” ಅಂತ. ಟೆರೇಸ್ ಅಂದೆ. “ಮಾತಾಡ್ತಾ ಮಾತಾಡ್ತಾ ಕೆಳಗೆ ಇಳಿದು ಬರೋಣ್ವಾ ಸರ್?” ಅಂದರು. ಇಳಿದು ಬಂದೆ. ಪ್ರಾಣ ಕಳೆದುಕೊಳ್ಳುವ ಯೋಚನೆ ಏನಾದರೂ ಬಂದಿದೆಯಾ ಅಂತ ನೇರವಾಗಿ ಕೇಳಿದರು. ಇಲ್ಲ, ಸಾಯುವ ಭಯ ಇದೆ ಅಂದೆ. ಹಾಗೆ ಯಾರೂ ನನ್ನನ್ನು ನೇರವಾಗಿ ಕೇಳಿರಲಿಲ್ಲ. ಕೇಳಿದ ಮೇಲೆ ಎದೆ ಒಂಚೂರು ಹಗುರಾಯಿತು. ಅಡುಗೆ ಮನೆಯ ನೆಲದ ಮೇಲೆ ಕೂತು ಸುಮಾರು ಅರ್ಧ ಗಂಟೆ ಮಾತಾಡಿದೆ.

ಈ ಸೇವೆ ಶುರುವಾಗಿದ್ದು 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನ. ಇದರ ಹಿಂದೆ ನಿಂತಿರುವ ಮುಖ್ಯ ಸಂಸ್ಥೆ ನಮ್ಮ ನಿಮ್ಹಾನ್ಸ್. ದಿನದ 24 ಗಂಟೆಯೂ ಇದೆ, ದುಡ್ಡು ಕೊಡಬೇಕಾಗಿಲ್ಲ. 14416 ನೆನಪಿಗೆ ಬರದಿದ್ದರೆ 1800-891-4416 ಕೂಡ ಇದೆ. ಮೊದಲು ಸಮಾಲೋಚಕರು ಮಾತಾಡುತ್ತಾರೆ, ಬೇಕಾದರೆ ಮನೋವೈದ್ಯರಿಗೆ ದಾಟಿಸುತ್ತಾರೆ. ಅವತ್ತು ಆ ಹೆಣ್ಣುಮಗಳು ಕೊನೆಗೆ ಕೇಳಿದ್ದು ಇಷ್ಟು: “ನಿಮ್ಮ ಕಾಲೇಜಲ್ಲಿ ಸಮಾಲೋಚಕರು ಇದ್ದಾರಾ ಸರ್?” ಇದ್ದರು. ನನ್ನ ಸ್ಟಾಫ್ ರೂಮಿನಿಂದ ನೂರು ಹೆಜ್ಜೆ ದೂರ.

ಆ ನೂರು ಹೆಜ್ಜೆ ನಡೆಯಲು ನನಗೆ ಹನ್ನೊಂದು ದಿನ ಬೇಕಾಯಿತು. ಎರಡು ಸಲ ಬೋರ್ಡಿನ ತನಕ ಹೋಗಿ, ಕ್ಯೂನಲ್ಲಿದ್ದ ಹುಡುಗರು “ನಮಸ್ತೆ ಸಾರ್” ಅಂದಾಗ ಸುಮ್ನೆ ಪರೀಕ್ಷಾ ವಿಭಾಗದ ಒಳಗೆ ಹೋಗಿ, ಗುಮಾಸ್ತರ ಹತ್ತಿರ ಟೈಮ್ ಟೇಬಲ್ ಕೇಳಿ ವಾಪಸ್ ಬಂದೆ.

ಒಳಗೆ ಹೋದಾಗ ಎದುರಾಗಿದ್ದು ರಿಜಿಸ್ಟರ್. ಉದ್ದನೆಯ ಪುಸ್ತಕ, ಕೆಂಪು ರಟ್ಟು. ಕ್ರಮ ಸಂಖ್ಯೆ, ಹೆಸರು, ವಿಭಾಗ, ಮೊಬೈಲ್ ನಂಬರ್, ಬಂದ ಕಾರಣ, ಸಹಿ. ಅಟೆಂಡರ್ ಪುಸ್ತಕ ಮುಂದೆ ತಳ್ಳಿ ಪೆನ್ ಕೊಟ್ಟರು. ನನ್ನ ಮೇಲಿನ ಸಾಲಿನಲ್ಲಿ ನನ್ನದೇ ವಿಭಾಗದ ಒಬ್ಬ ಹುಡುಗನ ಹೆಸರಿತ್ತು. ಕಾರಣದ ಜಾಗದಲ್ಲಿ ಅವನು ‘ತಲೆನೋವು’ ಅಂತ ಬರೆದಿದ್ದ. ಅದರ ಮೇಲಿನವರು ‘ಪರ್ಸನಲ್’. ಅದಕ್ಕೂ ಮೇಲೆ ಯಾರೋ ‘ನಿದ್ದೆ ಬರಲ್ಲ’ ಅಂತ ಬರೆದು ಹೊಡೆದುಹಾಕಿದ್ದರು. ನನ್ನ ಕಣ್ಣಿಗೆ ಬೀಳಬಾರದಾಗಿದ್ದ ಸಾಲುಗಳು ಅವು. ನನಗೆ ಕಂಡಂತೆ ನನ್ನ ಸಾಲು ನಾಳೆ ಬಂದವನಿಗೆ ಕಾಣುತ್ತದೆ ಅಲ್ವಾ? ನಾನೂ ‘ತಲೆನೋವು’ ಅಂತಲೇ ಬರೆದೆ.

ಅಲ್ಲಿನ ಸಮಾಲೋಚಕಿ ಮೇಡಂ ಬಗ್ಗೆ ಬರೆಯುವುದು ಬಹಳ ಇದೆ. ನಲವತ್ತರ ಆಸುಪಾಸಿನವರು, ಮನಃಶಾಸ್ತ್ರ ಓದಿದವರು. ಗಡಿಬಿಡಿ ಇಲ್ಲ. ಮೊದಲ ದಿನ ನಾನು ಅರ್ಧ ಗಂಟೆ ಸಂಬಳ, ರಿನ್ಯೂವಲ್, ಸೈಟಿನ ಸಾಲ ಅಂತ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ “ಹೊಲದಲ್ಲಿ ಕಾಲ ಹತ್ತಿರ ಹಾವು ಕಂಡರೆ ಮೈಗೆ ಏನಾಗುತ್ತೆ ಸರ್?” ಅಂದರು. ಎದೆ ಹೊಡೆದುಕೊಳ್ಳುತ್ತೆ, ಉಸಿರು ಜೋರಾಗುತ್ತೆ ಅಂದೆ. “ಓಡೋಕೆ ಮೈ ರೆಡಿ ಆಗ್ತಿದೆ. ಅದಕ್ಕೆ ಅಡ್ರಿನಲಿನ್ ಅಂತ ಒಂದು ಹಾರ್ಮೋನ್ ಇದೆ. ನಿಮಗೆ ಹಾವು ಇಲ್ಲದೇ ಇದ್ದಾಗಲೂ ಅದೇ ಆಗ್ತಿದೆ. ಇದನ್ನ ಪ್ಯಾನಿಕ್ ಅಟ್ಯಾಕ್ ಅಂತೀವಿ. ಒಲೆ ಮೇಲೆ ಹಾಲು ಉಕ್ಕಿದ ಹಾಗೆ. ಹತ್ತು ನಿಮಿಷದ ಒಳಗೆ ಮೇಲೆ ಬರುತ್ತೆ, ಆಮೇಲೆ ತಾನಾಗೇ ಇಳಿಯುತ್ತೆ. ನಿಮ್ಮ ಹಾರ್ಟಿನಲ್ಲಿ ತೊಂದರೆ ಇಲ್ಲ, ಅದಕ್ಕೇ ಇಸಿಜಿ ಚೆನ್ನಾಗಿ ಬರ್ತಿತ್ತು” ಅಂದರು. ಜೊತೆಗೆ ಇನ್ನೊಂದು ಮಾತನ್ನೂ ಒತ್ತಿ ಹೇಳಿದರು. ಎದೆನೋವು ಮೊದಲ ಸಲ ಬಂದಾಗ ಹೃದಯ ಪರೀಕ್ಷೆ ಮಾಡಿಸಿಕೊಂಡಿದ್ದು ಸರಿಯಾದ ಕೆಲಸ, ಅದನ್ನು ಯಾರೂ ಬಿಡಬಾರದು ಅಂತ.

ಆಮೇಲೆ ರೂಮಿನಲ್ಲಿ ಕಾಣುವ ಐದು ವಸ್ತು ಹೇಳಿ ಅಂದರು. ಗೋಡೆ ಗಡಿಯಾರ. ಸ್ಟೀಲ್ ಜಗ್ಗು. ನೀಲಿ ಪರದೆ. ಗಾಜಿನ ಪೇಪರ್‌ವೇಟ್, ಒಳಗೆ ಗುಳ್ಳೆ ಇರುವುದು. ಮೇಡಂ ಕೈಯ ಹಸಿರು ಬಳೆ. ಮುಟ್ಟಿದರೆ ಗೊತ್ತಾಗುವ ನಾಲ್ಕು. ಕೇಳಿಸುವ ಮೂರು. ವಾಸನೆ ಎರಡು. ರುಚಿ ಒಂದು. ಉಸಿರು ಒಳಗೆ ಎಳೆಯುವಾಗ ನಾಲ್ಕು ಎಣಿಸಿ, ಬಿಡುವಾಗ ಆರು ಎಣಿಸಿ ಅಂತ ನನ್ನ ಜೊತೆಗೇ ಮಾಡಿದರು. ಇದು ಮಕ್ಕಳ ಆಟದ ಹಾಗೆ ಕಾಣಬಹುದು. ಆದರೆ ಮುಂದಿನ ಸಲ ಬಿ.ಎಚ್. ರಸ್ತೆಯಲ್ಲಿ ಸಿಟಿ ಬಸ್ ಒಳಗೇ ಶುರುವಾದಾಗ, ಕಂಡಕ್ಟರ್ ಚೀಲ, ಕಿಟಕಿ ಸರಳು, ಮುಂದಿನ ಸೀಟಿನವರ ಮಲ್ಲಿಗೆ ಹೂವು ಅಂತ ಎಣಿಸಿಕೊಂಡು ಟೌನ್ ಹಾಲ್ ತನಕ ಬಂದೆ. ಇಳಿದು ನಿಂತಾಗ ಕಣ್ಣಲ್ಲಿ ನೀರು ಬಂತು. ಆಸ್ಪತ್ರೆಗೆ ಹೋಗದೆ ಅದು ನಿಂತಿದ್ದು ಅದೇ ಮೊದಲು.

ಇನ್ನು ಆ ಹುಡುಗಿಯ ವಿಷಯ.

2024ರ ನವೆಂಬರ್. ನನ್ನ ಐದನೇ ಭೇಟಿ. ಹೋದಾಗ ಬೆಂಚಿನ ತುದಿಯಲ್ಲಿ ಒಬ್ಬಳು ಕೂತಿದ್ದಳು. ನನ್ನ ತರಗತಿಯವಳೇ, ಮೊದಲ ಸೆಮಿಸ್ಟರ್. ದೂರದ ತಾಲ್ಲೂಕಿನಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವವಳು. ಮನೆಯಲ್ಲಿ ಪದವಿ ಮುಗಿಸಿದ ಮೊದಲನೆಯವಳು. ಬಸ್ ಫ್ರೀ ಆಗಿದ್ದರಿಂದಲೇ ಎಂಎ ಸೇರಿದೆ ಅಂತ ಮೊದಲ ದಿನ ಪರಿಚಯ ಹೇಳುವಾಗ ಹೇಳಿದ್ದಳು. ಮೊದಲ ಬೆಂಚಿನಲ್ಲಿ ಕೂತು ಚೆನ್ನಾಗಿ ಬರೆದುಕೊಳ್ಳುತ್ತಿದ್ದಳು. ಎರಡು ವಾರದಿಂದ ಸರಿಯಾಗಿ ಬರುತ್ತಿರಲಿಲ್ಲ. ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ನನ್ನನ್ನು ನೋಡಿದ ತಕ್ಷಣ ಎದ್ದು ನಿಂತಳು.

ನಾನು ಕೇಳಿದೆ: “ಏನಮ್ಮಾ, ಸ್ಕಾಲರ್‌ಶಿಪ್ಪಿಗಾ?”

ಅವಳು “ಹೌದು ಸಾರ್” ಅಂದಳು.

“ಆ ಕಿಟಕಿ ಹತ್ತಿರ ಹೋಗು, ಇಲ್ಲಿ ಅಲ್ಲ” ಅಂದೆ.

ಅವಳು ಹೋದಳು. ಕಿಟಕಿ ಹತ್ತಿರ ಒಂದು ನಿಮಿಷ ನಿಂತು, ಹಾಗೆಯೇ ಗೇಟಿನ ಕಡೆ ನಡೆದುಬಿಟ್ಟಳು. ನಾನೂ ಬೆಂಚಿನ ಮೇಲೆ ಕೂರಲಿಲ್ಲ. ಏನೋ ಕೆಲಸಕ್ಕೆ ಬಂದವನ ಹಾಗೆ ಕಾರಿಡಾರಿನಲ್ಲಿ ಮುಂದಕ್ಕೆ ಹೋದೆ. ಅವಳು ಯಾಕೆ ಬಂದಿದ್ದಾಳೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ನನ್ನ ಮುಖ ಉಳಿಸಿಕೊಳ್ಳಲು ಅವಳ ಕೈಗೆ ಒಂದು ಸುಳ್ಳು ಕೊಟ್ಟೆ. ಅವಳು ಅದನ್ನು ಹಿಡಿದುಕೊಂಡು ಹೋದಳು. ಅದಾದ ಮೇಲೆ ನಾಲ್ಕು ತಿಂಗಳು ಅವಳು ಆ ಕಡೆ ಬರಲಿಲ್ಲ ಅಂತ ಆಮೇಲೆ ಅವಳಿಂದಲೇ ಗೊತ್ತಾಯಿತು. ಆ ನಾಲ್ಕು ತಿಂಗಳಲ್ಲಿ ಏನು ಬೇಕಾದರೂ ಆಗಬಹುದಿತ್ತು. ಈಗಲೂ ಒಮ್ಮೊಮ್ಮೆ ರಾತ್ರಿ ಅದೇ ಯೋಚನೆ ಬರುತ್ತದೆ.

ಕಳಂಕ ಅಂದರೆ ನಮಗೆ ಭಾಷಣದ ಮಾತು. ಅದು ನಿಜವಾಗಿ ಇರುವುದು ಇಂಥ ಸಣ್ಣ ಜಾಗದಲ್ಲಿ. ಬೆಂಚು ಯಾವ ಕಡೆ ಮುಖ ಮಾಡಿದೆ, ರಿಜಿಸ್ಟರಿನಲ್ಲಿ ಎಷ್ಟು ಕಾಲಂ ಇದೆ, ಮೇಷ್ಟ್ರು ಏನು ಕೇಳಿದರು. ಕ್ಯಾಂಪಸ್‌ನಲ್ಲಿ ಹುಡುಗರು ಆ ಕೇಂದ್ರವನ್ನು ‘ಮೆಂಟಲ್ ರೂಮು’ ಅಂತಲೇ ಕರೆಯುತ್ತಿದ್ದರು. ಸ್ಟಾಫ್ ರೂಮಿನಲ್ಲೂ ಅಷ್ಟೇ. ಯಾರಾದರೂ ಸ್ವಲ್ಪ ಮಂಕಾಗಿದ್ದರೆ “ಮದುವೆ ಮಾಡಿ, ಎಲ್ಲಾ ಸರಿಹೋಗುತ್ತೆ” ಅನ್ನುವ ಹಿರಿಯರು ಇದ್ದಾರೆ. ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ ಅಂತ ಗಾದೆ ಬೇರೆ. ನಾನೂ ಎಷ್ಟೋ ಸಲ ಆ ಗಾದೆ ಹೇಳಿ ನಕ್ಕಿದ್ದೇನೆ. ಈಗ ಬಾಯಿಗೆ ಬರುವುದಿಲ್ಲ.

2025ರ ಫೆಬ್ರವರಿಯಲ್ಲಿ ಒಂದು ದಿನ ಪಾಠ ನಡೆಯುತ್ತಿತ್ತು. ಹಿಂದಿನ ಬೆಂಚಿನ ಒಬ್ಬ ಹುಡುಗ ಏನೋ ಪ್ರಶ್ನೆಗೆ ತಡವರಿಸಿದ. ಪಕ್ಕದವನು “ನಿಮ್ಹಾನ್ಸಿಗೆ ಸೇರಿಸ್ರೋ ಇವನನ್ನ” ಅಂದ. ಇಡೀ ತರಗತಿ ನಕ್ಕಿತು. ಮುಂದಿನ ಬೆಂಚಿನಲ್ಲಿ ಆ ಹುಡುಗಿ ಮಾತ್ರ ತಲೆ ಎತ್ತಲಿಲ್ಲ. ನಾನು ಸೀಮೆಸುಣ್ಣ ಕೆಳಗೆ ಇಟ್ಟೆ. “ಇಲ್ಲಿಂದ ಎಪ್ಪತ್ತು, ಎಪ್ಪತ್ತೈದು ಕಿಲೋಮೀಟರ್ ದೂರದಲ್ಲಿ ದೇಶದಲ್ಲೇ ಹೆಸರಾದ ಆಸ್ಪತ್ರೆ ಇದೆ. ದೂರದ ರಾಜ್ಯಗಳಿಂದ ರೈಲು ಹತ್ತಿ ಬರ್ತಾರೆ. ನಾವು ಅದರ ಹೆಸರನ್ನ ಬೈಗುಳ ಮಾಡ್ಕೊಂಡಿದ್ದೀವಿ” ಅಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. “ನಾನು ಆರು ತಿಂಗಳಿಂದ ರೂಮ್ ನಂಬರ್ 9ಕ್ಕೆ ಹೋಗ್ತಾ ಇದ್ದೀನಿ. ನನಗೆ ಪ್ಯಾನಿಕ್ ಅಟ್ಯಾಕ್ ಬರುತ್ತೆ. ಎರಡು ತಿಂಗಳಿಂದ ಮಾತ್ರೆಯನ್ನೂ ತಗೋತಿದ್ದೀನಿ” ಅಂದೆ.

ಕಾಲು ನಡುಗುತ್ತಿತ್ತು. ಮೇಜು ಹಿಡಿದುಕೊಂಡು ನಿಂತಿದ್ದೆ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಪ್ರಶ್ನೆಗಳು ಶುರುವಾದವು. ಇಷ್ಟು ಪ್ರಶ್ನೆ ನನ್ನ ಯಾವ ಪಾಠಕ್ಕೂ ಬಂದಿಲ್ಲ. ಮಾತ್ರೆ ತಗೊಂಡರೆ ಚಟ ಆಗುತ್ತಾ ಸಾರ್? ನನಗೆ ಡಾಕ್ಟರ್ ಹೇಳಿದ್ದನ್ನೇ ಹೇಳಿದೆ. ಖಿನ್ನತೆಗೆ, ಆತಂಕಕ್ಕೆ ದಿನಾ ಕೊಡುವ ಮಾತ್ರೆಗಳು ಚಟ ಹಿಡಿಸುವಂಥವಲ್ಲ. ಆದರೆ ಕೆಲಸ ಶುರು ಮಾಡಲು ಎರಡರಿಂದ ನಾಲ್ಕು ವಾರ ಬೇಕು, ವಾಸಿಯಾಯಿತು ಅಂತ ನಾವೇ ದಿಢೀರ್ ನಿಲ್ಲಿಸಬಾರದು, ಡಾಕ್ಟರ್ ಹೇಳಿದ ಹಾಗೆ ನಿಧಾನವಾಗಿ ಇಳಿಸಬೇಕು. ತಕ್ಷಣ ಸಮಾಧಾನ ಕೊಡುವ ಕೆಲವು ಮಾತ್ರೆ ಅಭ್ಯಾಸ ಆಗಬಹುದು, ಅದಕ್ಕೇ ಅದನ್ನು ಸ್ವಲ್ಪ ದಿನಕ್ಕೆ ಮಾತ್ರ ಬರೆಯುತ್ತಾರೆ. ಮೆಡಿಕಲ್ ಶಾಪಿನಲ್ಲಿ ಹೆಸರು ಹೇಳಿ ಕೊಂಡುಕೊಳ್ಳುವಂಥದ್ದಲ್ಲ. ಮನೆಯವರಿಗೆ ಹೇಳುತ್ತಾರಾ? ನಿಮ್ಮ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಇದೆ ಅನ್ನಿಸಿದರೆ ಮಾತ್ರ ಹೇಳಬೇಕಾಗುತ್ತದೆ ಅಂತ ಮೇಡಂ ಮೊದಲ ದಿನವೇ ನನಗೆ ತಿಳಿಸಿದ್ದರು. ಒಬ್ಬ ಹುಡುಗ ತೀರಾ ಸಣ್ಣ ದನಿಯಲ್ಲಿ ಕೇಳಿದ: ಪ್ರಾಣ ಕಳೆದುಕೊಳ್ಳಲು ಹೋಗಿ ಬದುಕಿದವರ ಮೇಲೆ ಕೇಸ್ ಹಾಕುತ್ತಾರಾ ಸಾರ್? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇದಕ್ಕೆ ಉತ್ತರ ಕೊಟ್ಟಿದೆ. ಅಂಥವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷೆ ಕೊಡಬಾರದು, ಅವರಿಗೆ ಆರೈಕೆ ಸಿಗುವ ಹಾಗೆ ನೋಡಿಕೊಳ್ಳುವುದು ಸರ್ಕಾರದ ಕರ್ತವ್ಯ ಅಂತ ಅದರ 115ನೇ ಸೆಕ್ಷನ್ ಹೇಳುತ್ತದೆ. ತರಗತಿ ಮುಗಿದ ಮೇಲೆ ಆ ಹುಡುಗನನ್ನು ಒಬ್ಬನೇ ಕರೆದು ಮಾತಾಡಿಸಿದೆ. ಅವನ ಅಣ್ಣನ ವಿಷಯ ಅದು. ಅಣ್ಣ ಈಗ ಚಿಕಿತ್ಸೆಯಲ್ಲಿದ್ದಾರೆ.

ನನಗೆ ಆ ಮಾತ್ರೆ ಸಿಗುತ್ತಿರುವುದು ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗದಲ್ಲಿ. ಮೇಡಂ ಚೀಟಿ ಬರೆದು ಕಳಿಸಿದ್ದರು. ಸಮಾಲೋಚಕರು ಮಾತ್ರೆ ಬರೆಯುವಂತಿಲ್ಲ, ಅದನ್ನು ಮನೋವೈದ್ಯರಂಥ ಡಾಕ್ಟರೇ ಬರೆಯಬೇಕು. ನಮ್ಮಲ್ಲಿ ಬಹಳ ಜನಕ್ಕೆ ಈ ವ್ಯತ್ಯಾಸ ಗೊತ್ತಿಲ್ಲ. ಅಲ್ಲಿ ಮಾತ್ರೆಗೆ ನಾನು ದುಡ್ಡು ಕೊಟ್ಟಿಲ್ಲ. ದೂರದ ಊರಿನವರು ತುಮಕೂರಿಗೇ ಬರಬೇಕು ಅಂತಿಲ್ಲ. ಮನೋಚೈತನ್ಯ ಅನ್ನುವ ಕಾರ್ಯಕ್ರಮದಲ್ಲಿ ಮಂಗಳವಾರದ ದಿನ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ಹೋಗುವ ಮೊದಲು ಒಂದು ಸಲ ಫೋನ್ ಮಾಡಿ ಕೇಳಿಕೊಳ್ಳಿ. ಜಿಲ್ಲೆ ಜಿಲ್ಲೆಯಲ್ಲೂ ಮಾನಸಿಕ ಚಿಕಿತ್ಸೆ ಕೊಡಬಹುದು ಅಂತ ದೇಶಕ್ಕೆ ತೋರಿಸಿದ್ದೇ ನಮ್ಮ ಬಳ್ಳಾರಿ. 1980ರ ದಶಕದಲ್ಲಿ ನಿಮ್ಹಾನ್ಸಿನವರು ಅಲ್ಲಿ ಹಳ್ಳಿ ಆಸ್ಪತ್ರೆಗಳ ಡಾಕ್ಟರುಗಳಿಗೆ, ಆರೋಗ್ಯ ಸಿಬ್ಬಂದಿಗೆ ತರಬೇತಿ ಕೊಟ್ಟರು. ಅದನ್ನೇ ಮಾದರಿ ಮಾಡಿಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಶುರುವಾಯಿತು. ಮೇಡಂ ಇದನ್ನು ಹೇಳಿದಾಗ ಬಳ್ಳಾರಿ ಅಂದರೆ ಬಿಸಿಲು, ಗಣಿ ಅಷ್ಟೇ ನೆನಪಾಗುತ್ತಿದ್ದ ನನಗೆ ಬಹಳ ಹೆಮ್ಮೆ ಅನ್ನಿಸಿತು.

ರಿಜಿಸ್ಟರ್ ವಿಷಯದಲ್ಲಿ ಜಗಳವೇ ಆಡಬೇಕಾಯಿತು. ಮೇಡಂ ಒಂದು ವರ್ಷದಿಂದ ಬಾಯಿಮಾತಿನಲ್ಲಿ ಕೇಳುತ್ತಿದ್ದರು. ಕಚೇರಿಯವರ ಉತ್ತರ ಒಂದೇ: ಎಷ್ಟು ಜನ ಬಂದರು ಅಂತ ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್‌ನವರಿಗೆ ದಾಖಲೆ ತೋರಿಸಬೇಕು. ನಾವಿಬ್ಬರೂ ಸೇರಿ ಲಿಖಿತವಾಗಿ ಕೊಟ್ಟೆವು. ಅದೇ 2017ರ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯನ್ನು ಹಕ್ಕು ಅಂತ ಹೇಳುತ್ತದೆ, ಸಂಖ್ಯೆ ಬೇಕಾದರೆ ಸಂಖ್ಯೆ ಕೊಡೋಣ, ಹೆಸರು ಯಾಕೆ ಅಂತ ಬರೆದೆವು. ಎರಡು ಸಲ ಫೈಲು ವಾಪಸ್ ಬಂತು. ಮೂರನೇ ಸಲ ಒಪ್ಪಿದರು. ಈಗ ಹೆಸರಿನ ಬದಲು ಒಂದು ಕೋಡ್ ನಂಬರ್. ಹೆಸರಿನ ಪಟ್ಟಿ ಮೇಡಂ ಬೀರುವಿನಲ್ಲಿ ಮಾತ್ರ ಇರುತ್ತದೆ, ಬೀಗದ ಕೈ ಅವರ ಹತ್ತಿರವೇ.

ಬೆಂಚು ಅಲ್ಲಿಂದ ಎದ್ದಿದ್ದು 2025ರ ಸೆಪ್ಟೆಂಬರಿನಲ್ಲಿ. ಕಾಲೇಜುಗಳಲ್ಲಿ ವಿದ್ಯಾರ್ಥಿ ಸೇವಾ ಕೇಂದ್ರ ಇರಬೇಕು ಅಂತ ಯುಜಿಸಿ 2023ರಲ್ಲೇ ಮಾರ್ಗಸೂಚಿ ಕೊಟ್ಟಿತ್ತು. ಅದು ಫೈಲಿನಲ್ಲೇ ಮಲಗಿತ್ತು. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್ 15 ಸೂಚನೆ ಹೊರಡಿಸಿತು. 100 ಅಥವಾ ಅದಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿರುವ ಸಂಸ್ಥೆ ಅಂದರೆ ಕನಿಷ್ಠ ಒಬ್ಬ ಅರ್ಹ ಸಮಾಲೋಚಕರು ಇರಲೇಬೇಕು ಅನ್ನುವುದು ಅದರಲ್ಲಿ ಒಂದು. ಆಮೇಲೆ ನಮ್ಮ ಕಚೇರಿಯಲ್ಲೂ ಫೈಲು ಓಡತೊಡಗಿತು.

ಹೊಸ ಜಾಗ ಲೈಬ್ರರಿ ಹಿಂದೆ, ಹೊಂಗೆ ಮರದ ಪಕ್ಕ. ಮುಂದೆ ದೊಡ್ಡ ಹಾಲ್. ಬಾಗಿಲ ಮೇಲೆ ‘ವಿದ್ಯಾರ್ಥಿ ಸೇವಾ ಕೇಂದ್ರ’ ಅಂತ ಇದೆ. ಸ್ಕಾಲರ್‌ಶಿಪ್ ಅರ್ಜಿ, ಬಸ್ ಪಾಸ್, ಹಾಸ್ಟೆಲ್ ದೂರು, ಪ್ಲೇಸ್‌ಮೆಂಟ್, ಆಪ್ತ ಸಮಾಲೋಚನೆ, ಎಲ್ಲಕ್ಕೂ ಅದೇ ಹಾಲ್, ಅದೇ ಕುರ್ಚಿ, ಒಂದೇ ಥರದ ಟೋಕನ್. ಒಳಗಡೆ ನಾಲ್ಕು ಬಾಗಿಲು. ಯಾರು ಯಾತಕ್ಕೆ ಬಂದಿದ್ದಾರೆ ಅಂತ ಕೂತವರಿಗೆ ಗೊತ್ತಾಗುವುದಿಲ್ಲ. ಅವತ್ತು ನಾನು ಆ ಹುಡುಗಿಗೆ ಕೊಟ್ಟ ಸುಳ್ಳನ್ನು ಈಗ ಯಾರೂ ಯಾರಿಗೂ ಕೊಡಬೇಕಾಗಿಲ್ಲ.

ಇದರ ಬಗ್ಗೆ ಮೇಡಂಗೂ ನನಗೂ ಒಂದು ಭಿನ್ನಾಭಿಪ್ರಾಯ ಇದೆ. ಹೀಗೆ ಮರೆಯಲ್ಲಿ ಇಟ್ಟರೆ ಮುಚ್ಚಿಡಬೇಕಾದ್ದು ಅಂತ ನಾವೇ ಒಪ್ಪಿಕೊಂಡ ಹಾಗೆ ಆಗುವುದಿಲ್ಲವಾ ಅಂತ ಅವರು ಕೇಳುತ್ತಾರೆ. ಹಲ್ಲಿನ ಡಾಕ್ಟರ್ ಬೋರ್ಡನ್ನು ಯಾರಾದರೂ ಮರೆ ಮಾಡುತ್ತಾರಾ ಅಂತ. ಮಾತು ಸರಿಯೇ. ಆದರೆ ಬೆಂಚಿನ ತುದಿಯಲ್ಲಿ ಕೂತವಳಿಗೆ ಊರು ಬದಲಾಗುವ ತನಕ ಕಾಯಲು ಆಗುವುದಿಲ್ಲ. ಅವಳಿಗೆ ಇವತ್ತು ಒಳಗೆ ಹೋಗಲು ಒಂದು ದಾರಿ ಬೇಕು. ಬೋರ್ಡನ್ನು ಮುಂದೆ ತರುವ ಕೆಲಸ ನನ್ನಂಥವರದ್ದು, ಹೋಗಿಬಂದು ಸ್ವಲ್ಪ ಗಟ್ಟಿಯಾದವರದ್ದು.

ಕೊರತೆ ಇನ್ನೂ ಬೇಕಾದಷ್ಟಿವೆ. ಸಾವಿರಾರು ಮಕ್ಕಳಿಗೆ ಮೇಡಂ ಒಬ್ಬರೇ. ಪರೀಕ್ಷೆ ಹತ್ತಿರ ಬಂದಾಗ ಟೋಕನ್ ಸಿಗಲು ಹತ್ತು ಹನ್ನೆರಡು ದಿನ ಆಗುತ್ತದೆ. ಸಹಾಯ ಜಾಸ್ತಿ ಬೇಕಾಗುವುದು ಆಗಲೇ. ಗೋಡೆ ತೆಳು, ಪಕ್ಕದ ಪ್ಲೇಸ್‌ಮೆಂಟ್ ರೂಮಿನಲ್ಲಿ ಜೋರಾಗಿ ಮಾತಾಡಿದರೆ ಇಲ್ಲಿಗೆ ಕೇಳಿಸುತ್ತದೆ. ಹಾಗಾದರೆ ಇಲ್ಲಿ ಅತ್ತಿದ್ದು ಅಲ್ಲಿಗೂ ಕೇಳಿಸುತ್ತದೆ. ಪ್ರತಿ ಅಕ್ಟೋಬರ್ 10ಕ್ಕೆ ಸಭಾಂಗಣದಲ್ಲಿ ಕಾರ್ಯಕ್ರಮ ಆಗುತ್ತದೆ. ದೀಪ, ಶಾಲು, ಎರಡು ಗಂಟೆ ಭಾಷಣ. ಮಕ್ಕಳನ್ನು ಅಟೆಂಡೆನ್ಸ್ ಕೊಟ್ಟು ಕೂರಿಸುತ್ತಾರೆ. ಅದರ ಬದಲು ಹೋಗಿ ಬಂದ ಒಬ್ಬರನ್ನು ಹತ್ತು ನಿಮಿಷ ಮಾತಾಡಲು ಬಿಡಿ ಅಂತ ನನ್ನ ಒತ್ತಾಯ. ಕಾಯಿಲೆ ಅನುಭವಿಸಿದವರನ್ನೇ ಕಂಡು, ಅವರ ಬಾಯಿಂದಲೇ ಕೇಳಿದಾಗ ಜನರ ಮನಸ್ಸು ಬದಲಾಗುತ್ತದೆ ಅಂತ ಸಂಶೋಧನೆಗಳೂ ಹೇಳುತ್ತವೆ. ನನ್ನ ತರಗತಿಯಲ್ಲಿ ಅದನ್ನು ನಾನೇ ನೋಡಿದ್ದೇನೆ.

ಸ್ಟಾರ್ ಕೊಡಬೇಕು ಅಂದರೆ ಮೇಡಂಗೆ ಐದಕ್ಕೆ ಐದು. ಹೊಸ ಜಾಗಕ್ಕೆ ನಾಲ್ಕು. ಹಳೇ ಬೆಂಚಿಗೂ ರಿಜಿಸ್ಟರಿಗೂ ಏನೂ ಕೊಡುವುದಿಲ್ಲ.

ಆ ಹುಡುಗಿ ಈಗ ಕೊನೇ ಸೆಮಿಸ್ಟರ್. ತರಗತಿಯಲ್ಲಿ ನಾನು ಮಾತಾಡಿದ ಎರಡು ವಾರಕ್ಕೆ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಿದ್ದಳು. “ಸಾರ್, ಅವತ್ತು ನಾನು ಸ್ಕಾಲರ್‌ಶಿಪ್ಪಿಗೆ ಬಂದಿರಲಿಲ್ಲ” ಅಂದಳು. “ನಾನೂ ಸುಳ್ಳು ಹೇಳಿದೆನಮ್ಮಾ, ತಪ್ಪು ನನ್ನದು” ಅಂದೆ. ಅವಳ ಜೊತೆ ರೂಮ್ ನಂಬರ್ 9ರ ತನಕ ನಡೆದುಕೊಂಡು ಹೋದೆ. ಅವಳು ಒಳಗಿದ್ದಷ್ಟು ಹೊತ್ತು ಆ ಬೆಂಚಿನ ಮೇಲೆ ಕೂತಿದ್ದೆ, ಕ್ಯೂ ಕಡೆಗೆ ಮುಖ ಮಾಡಿ. ಉಳಿದದ್ದು ಅವಳ ವಿಷಯ.

ಕಳೆದ ತಿಂಗಳು ಹೊಸ ಹಾಲಿನಲ್ಲಿ ಸಿಕ್ಕಳು. ಕೈಯಲ್ಲಿ ಟೋಕನ್ ಇತ್ತು. ಗಡಿಯಾರ ನೋಡುತ್ತಿದ್ದಳು. ಮೇಡಂ ವಾರಕ್ಕೆ ಮೂರು ದಿನ ಬರುತ್ತಾರೆ, ಹನ್ನೊಂದರಿಂದ ನಾಲ್ಕು. ಅದು ತರಗತಿ ನಡೆಯುವ ಹೊತ್ತು. ಕ್ಲಾಸ್ ಮುಗಿಸಿ ಬಂದರೆ ಅವಳ ಊರಿನ ಬಸ್ ನಾಲ್ಕೂವರೆಗೆ, ಅದು ತಪ್ಪಿದರೆ ಮನೆ ಸೇರುವುದು ರಾತ್ರಿ. ಅವತ್ತೂ ಅವಳ ನಂಬರ್ ಬರುವ ಮೊದಲೇ ಎದ್ದು ಹೋಗಬೇಕಾಯಿತು. ನನ್ನ ಟೋಕನ್ ಕೊಡಲು ಹೋದೆ, ಅಷ್ಟರಲ್ಲಿ ಗೇಟು ದಾಟಿದ್ದಳು.

ವಾರಕ್ಕೆ ಒಂದು ದಿನವಾದರೂ ಬೆಳಗ್ಗೆ ಒಂಬತ್ತಕ್ಕೆ ಕೇಂದ್ರ ತೆಗೆಯಬೇಕು, ಇನ್ನೊಂದು ದಿನ ಹಾಸ್ಟೆಲ್ ಮಕ್ಕಳಿಗೆ ಸಂಜೆ ಆರರ ತನಕ ಇರಬೇಕು, ಇನ್ನೊಬ್ಬ ಸಮಾಲೋಚಕರನ್ನು ತೆಗೆದುಕೊಳ್ಳಬೇಕು ಅಂತ ಮೂರು ಬೇಡಿಕೆ ಬರೆದು ಮೊನ್ನೆ ಕಚೇರಿಗೆ ಕೊಟ್ಟಿದ್ದೇನೆ. 64 ಜನ ಸಹಿ ಹಾಕಿದ್ದಾರೆ, ಹೆಸರು, ರಿಜಿಸ್ಟರ್ ನಂಬರ್ ಸಮೇತ. ಮೂರನೇ ಸಹಿ ಅವಳದ್ದು. ಇನ್ವರ್ಡ್ ನಂಬರ್ ಹಾಕಿಸಿಕೊಂಡು, ಜೆರಾಕ್ಸ್ ಒಂದು ನನ್ನ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೇನೆ. ಸೋಮವಾರ ಮತ್ತೆ ಹೋಗಿ ಕೇಳುತ್ತೇನೆ.